ಕೀಬೋರ್ಡ್ ಖರೀದಿ: ಬೆಲೆ ಕೇಳುವ ಮುನ್ನ ಕೇಳಬೇಕಾದದ್ದು

ತೆರಿಗೆ, ಲೆಕ್ಕಪತ್ರ, ರಿಟರ್ನ್ ಸಲ್ಲಿಕೆಯ ಕಡೆಯ ದಿನಾಂಕ ಮುಂತಾದ ವಿಷಯಗಳ ಬಗ್ಗೆ ಈ ಪುಟಗಳಲ್ಲಿ ಬರೆಯುವುದು ನನ್ನ ವಾಡಿಕೆ. ಈ ತಿಂಗಳ ಶೀರ್ಷಿಕೆಯನ್ನು ಕಂಡು ಸದಸ್ಯ ಮಿತ್ರರು ಹುಬ್ಬೇರಿಸಬಹುದು. ಸಂಗೀತ ನುಡಿಸುವ ಎಲೆಕ್ಟ್ರಾನಿಕ್ ಕೀಬೋರ್ಡಿಗೂ ಲೆಕ್ಕಪರಿಶೋಧಕನಿಗೂ ಏನು ಸಂಬಂಧವೆಂದು ಕೇಳಿದರೆ, ಒಂದೇ ವರ್ಷದ ಅವಧಿಯಲ್ಲಿ ಮೂವರು ಕಕ್ಷಿದಾರರು ಈ ವಸ್ತುವಿನ ವಿಚಾರವಾಗಿ ನನ್ನ ಕಛೇರಿಗೆ ಬಂದರೆಂಬುದೇ ಉತ್ತರ. ಇಬ್ಬರು ಬಿಲ್ಲು ಹಿಡಿದು ಬಂದಿದ್ದರು. ಒಬ್ಬರ ಬಳಿ ಬಿಲ್ಲೇ ಇರಲಿಲ್ಲ. ಮೂವರ ಅಗತ್ಯವೂ ಬೇರೆ ಬೇರೆ. ಆದರೆ ಕೊಳ್ಳುವಾಗ ಮೂವರೂ ಕೇಳಿದ್ದ ಪ್ರಶ್ನೆ ಮಾತ್ರ ಒಂದೇ ಆಗಿತ್ತು: “ಇದರಲ್ಲಿ ಎಷ್ಟು ಟೋನ್ ಇದೆ?” ಆ ಪ್ರಶ್ನೆಯಿಂದ ಆರಂಭಿಸಿದರೆ ಖರೀದಿ ದಾರಿ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ನಾನು ಸಂಗೀತಗಾರನಲ್ಲ. ಹಾರ್ಮೋನಿಯಂ ಬಲ್ಲ ಒಬ್ಬ ಹಿರಿಯ ಮೇಷ್ಟರೊಡನೆ ನಾಲ್ಕಾರು ಸಂಜೆ ಕುಳಿತು ಕೇಳಿ ತಿಳಿದದ್ದು, ಮತ್ತು ಬ್ಯಾಲೆನ್ಸ್ ಷೀಟಿನ ಅಡಿಟಿಪ್ಪಣಿಗಳನ್ನು ಓದುವ ದುರಭ್ಯಾಸದಿಂದಾಗಿ ಕೀಬೋರ್ಡುಗಳ ಕೈಪಿಡಿಗಳನ್ನೂ ಕೊನೆಯ ಪುಟದವರೆಗೆ ಓದಿದ್ದು, ಇವೆರಡೇ ನನ್ನ ಬಂಡವಾಳ.

ಸಕ್ರೆಬೈಲಿನ ಖಜಾಂಚಿ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಸಾಗಿದರೆ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ಸಕ್ರೆಬೈಲು ಆನೆ ಬಿಡಾರ ಸಿಗುತ್ತದೆ. ಬೆಳಗಿನ ಹೊತ್ತು ತುಂಗೆಯ ನೀರಿನಲ್ಲಿ ಆನೆಗಳ ಸ್ನಾನ ನಡೆಯುವಾಗ ಪ್ರವಾಸಿಗರು ನೆರೆಯುತ್ತಾರೆ. ಮಧ್ಯಾಹ್ನದ ವೇಳೆಗೆ ಜನ ಕರಗುತ್ತದೆ. ಆ ಮೂರು ನಾಲ್ಕು ಗಂಟೆಗಳ ವ್ಯಾಪಾರವನ್ನು ನಂಬಿ ಆ ರಸ್ತೆಯ ಬದಿಯಲ್ಲಿ ಅಂಗಡಿ ಇಟ್ಟಿರುವ ಒಬ್ಬರು ನನ್ನ ಹಳೆಯ ಕಕ್ಷಿದಾರರು. ಹಗಲು ವ್ಯಾಪಾರಿ, ಸಂಜೆ ತಮ್ಮ ಊರಿನ ಭಜನಾ ಮಂಡಳಿಯ ಖಜಾಂಚಿ.

ಮಂಡಳಿಯ ಹಾರ್ಮೋನಿಯಂ ಪ್ರತಿ ಮಳೆಗಾಲದಲ್ಲೂ ಕೈಕೊಡುತ್ತಿತ್ತು. ತೇವ ಹಿಡಿದು ಮನೆಗಳು ಅಂಟಿಕೊಳ್ಳುವುದು, ಒಂದೆರಡು ರೀಡುಗಳು ಅಪಶ್ರುತಿ ನುಡಿಯುವುದು, ತಿದಿಯಲ್ಲಿ ಗಾಳಿ ನಿಲ್ಲದಿರುವುದು ವರ್ಷವೂ ಇದ್ದದ್ದೇ. ನುಡಿಸುವ ಹಿರಿಯರಿಗೆ ಹತ್ತು ಕೆ.ಜಿ. ಆಸುಪಾಸಿನ ಪೆಟ್ಟಿಗೆಯನ್ನು ಮನೆಯಿಂದ ಮನೆಗೆ ಹೊತ್ತೊಯ್ಯುವುದು ಆಗದಾಯಿತು. ಕೀಬೋರ್ಡ್ ಕೊಳ್ಳುವುದೆಂದು ಸಭೆ ನಿರ್ಣಯಿಸಿ ಮನೆಗೆ ನೂರು, ಇನ್ನೂರರಂತೆ ವಂತಿಗೆ ಎತ್ತಿತು. ಅಷ್ಟರಲ್ಲಿ ಪರಿಚಯದವರೊಬ್ಬರು, ಹೊರದೇಶದಿಂದ ತಂದ ಕೀಬೋರ್ಡ್ ಇದೆ, ಐನೂರಕ್ಕೂ ಹೆಚ್ಚು ಟೋನ್ ಇವೆ, ರೂ. 7,200ಕ್ಕೆ ಕೊಡಿಸುತ್ತೇನೆ ಎಂದರು. ಖಜಾಂಚಿ ಕೊಂಡರು. ಬಿಲ್ಲು ಕೇಳಲಿಲ್ಲ, ಅವರು ಕೊಡಲೂ ಇಲ್ಲ.

ಅದರೊಡನೆ ಬಂದ ಅಡಾಪ್ಟರ್ 120 ವೋಲ್ಟಿನದು. ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸಿದ ಕೂಡಲೇ ಅದು ಸುಟ್ಟಿತು. ಮಾರನೆಯ ವಾರ ಪಿನ್ನು ಹೊಂದುವ ಬೇರೊಂದು ಅಡಾಪ್ಟರನ್ನು ತಂದು ಹಾಕಿದರು. ಪಿನ್ನು ಹೊಂದಿತು, ಅದರ ಧನ–ಋಣ ಧ್ರುವಗಳು ಮಾತ್ರ ತಿರುವುಮುರುವಾಗಿದ್ದವು. ಈ ಬಾರಿ ಸುಟ್ಟದ್ದು ಕೀಬೋರ್ಡಿನ ಒಳಗಿನ ಬೋರ್ಡು. ಆ ಮಾದರಿ ನಮ್ಮ ದೇಶದಲ್ಲಿ ಮಾರಾಟಕ್ಕೇ ಬಂದಿಲ್ಲವೆಂದೂ ಬಿಡಿಭಾಗ ಸಿಗುವುದಿಲ್ಲವೆಂದೂ ರಿಪೇರಿಯವರು ಹೇಳಿ ಕಳಿಸಿದರು.

ಮುಂದಿನ ಸಭೆಯಲ್ಲಿ ಒಬ್ಬರು, “ಬಿಲ್ಲು ಎಲ್ಲಿ?” ಎಂದು ಕೇಳಿದರಂತೆ. ಅಷ್ಟೇ ಮಾತು. ಇಪ್ಪತ್ತು ವರ್ಷ ಮಂಡಳಿಯ ಹಣ ಕಾಯ್ದ ಮನುಷ್ಯನಿಗೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ನನ್ನ ಎದುರು ಕುಳಿತು ಅವರು ಹೇಳಿದ್ದು ಹೀಗೆ: “ಸಾರ್, ಏಳು ಸಾವಿರದ ಇನ್ನೂರು ನಾನೇ ಕೈಯಿಂದ ಕಟ್ಟಿಬಿಡ್ತೀನಿ. ಆದ್ರೆ ಮತ್ತೆ ಕೊಳ್ಳಬೇಕು ಅಂತ ತೀರ್ಮಾನ ಆಗಿದೆ. ಎರಡನೇ ಸಲ ತಪ್ಪಾದ್ರೆ ನಾನು ಊರಲ್ಲಿ ತಲೆ ಎತ್ತೋ ಹಾಗಿಲ್ಲ. ಯಾವುದು ತಗೊಳ್ಳಲಿ, ನೀವೇ ಹೇಳಿ.” ಮೇಷ್ಟರ ಬಳಿಗೆ ನಾನು ಹೋದದ್ದು ಈ ಮಾತಿನ ನಂತರ.

ಕ್ಯಾಲ್ಕುಲೇಟರ್, ಬೈಕ್, ಹಾರ್ಮೋನಿಯಂ

ನಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಕ್ಯಾಲ್ಕುಲೇಟರಿನ ಮೇಲೂ ಕೀಬೋರ್ಡಿನ ಮೇಲೂ ಕ್ಯಾಸಿಯೋ ಎಂಬ ಒಂದೇ ಹೆಸರಿರುವುದು ಆಕಸ್ಮಿಕವಲ್ಲ. ಜಪಾನಿನ ಕಾಶಿಯೋ ಸಹೋದರರು 1957ರಲ್ಲಿ ಹೊರತಂದ 14-ಎ ಎಂಬ ಲೆಕ್ಕಯಂತ್ರ ಒಂದು ಮೇಜಿನಷ್ಟು ದೊಡ್ಡದು, ತೂಕ ಸುಮಾರು 140 ಕೆ.ಜಿ. ಅದೇ ಸಂಸ್ಥೆ 1980ರಲ್ಲಿ ‘ಕ್ಯಾಸಿಯೋಟೋನ್ 201’ ಎಂಬ ಕೀಬೋರ್ಡನ್ನು ಮಾರುಕಟ್ಟೆಗೆ ತಂದಿತು. ಇನ್ನೊಂದು ದೊಡ್ಡ ಹೆಸರು ಯಮಹಾ. 1985ರಿಂದ 1996ರವರೆಗೆ ನಮ್ಮಲ್ಲಿ ಮಾರಾಟವಾದ ಆರ್.ಎಕ್ಸ್. 100 ಬೈಕಿನಿಂದ ಈ ಹೆಸರನ್ನು ಬಲ್ಲವರೇ ನಮ್ಮ ಪೈಕಿ ಹೆಚ್ಚು. ವಾಸ್ತವದಲ್ಲಿ ಆ ಸಂಸ್ಥೆಯ ಮೂಲ ಕಸುಬು ವಾದ್ಯ. 1887ರಲ್ಲಿ ತೊರಾಕುಸು ಯಮಹಾ ಎಂಬಾತ ಶಾಲೆಯೊಂದರ ಕೆಟ್ಟ ರೀಡ್ ಆರ್ಗನ್ ರಿಪೇರಿ ಮಾಡಿದ್ದರಿಂದ ಅದು ಆರಂಭವಾಯಿತು. ಮೋಟಾರ್ ವಿಭಾಗ ಬೇರೆ ಕಂಪನಿಯಾದದ್ದು 1955ರಲ್ಲಿ. ಈ ಸಂಸ್ಥೆ 2019ರಲ್ಲಿ ಚೆನ್ನೈನ ತನ್ನ ಕಾರ್ಖಾನೆಯಲ್ಲಿ ಪೋರ್ಟಬಲ್ ಕೀಬೋರ್ಡುಗಳ ತಯಾರಿಕೆಯನ್ನು ಆರಂಭಿಸಿತೆಂಬುದು ಸಣ್ಣ ಕೈಗಾರಿಕೆಯ ಮಿತ್ರರಿಗೆ ಆಸಕ್ತಿ ಹುಟ್ಟಿಸಬಹುದು.

ಕೀಬೋರ್ಡ್ ನಮ್ಮ ಊರುಗಳಿಗೆ ಬಂದು ಕುಳಿತದ್ದು ಹಾರ್ಮೋನಿಯಂನ ಜಾಗದಲ್ಲಿ. ಹಾರ್ಮೋನಿಯಂ ಸಹ ಹೊರಗಿನಿಂದ ಬಂದದ್ದೇ. ಕಾಲಿನಿಂದ ತುಳಿಯುತ್ತಿದ್ದ ಐರೋಪ್ಯ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್, 1875ರಲ್ಲಿ. ಆರ್. ಪರಮಶಿವನ್ ಅವರಂತಹ ಹಿರಿಯರು ನಮ್ಮ ವೃತ್ತಿ ರಂಗಭೂಮಿಯಲ್ಲಿ ಈ ವಾದ್ಯದಿಂದಲೇ ನಾಟಕಗಳನ್ನು ನಡೆಸಿಕೊಟ್ಟರು. ಇಷ್ಟಾಗಿಯೂ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ನಮ್ಮ ಭದ್ರಾವತಿ ಕೇಂದ್ರ 1965ರಲ್ಲಿ ಆರಂಭವಾದಾಗಲೂ ಆ ನಿಷೇಧವಿತ್ತು. ಮನೆಯಿಂದ ಮನೆಗೆ ಸ್ವರ ಜಿಗಿಯುತ್ತದೆ, ಜಾರುವುದಿಲ್ಲ. ಆದ್ದರಿಂದ ಗಮಕ ಬರುವುದಿಲ್ಲ ಎಂಬುದು ಮುಖ್ಯ ಆಕ್ಷೇಪ. ಈ ಮಿತಿ ಕೀಬೋರ್ಡಿಗೂ ಇದೆ, ಅದಕ್ಕೊಂದು ಅರೆಬರೆ ಪರಿಹಾರವೂ ಇದೆ. ಖರೀದಿದಾರನು ತಿಳಿಯಬೇಕಾದ ವಿಷಯಗಳಲ್ಲಿ ಇದೂ ಒಂದು.

ಬೆಲೆಯನ್ನು ಏರಿಸುವುದು ಯಾವುದು?

ಅಂಗಡಿಯ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಟೋನ್ ಮತ್ತು ತಾಳಗಳ ಸಂಖ್ಯೆ: 400, 600, 800. ಒಂದು ಟೋನ್ ಎಂದರೆ ಒಂದು ವಾದ್ಯದ ಧ್ವನಿ. ಸ್ಮೃತಿಕೋಶಕ್ಕೆ ಇನ್ನಷ್ಟು ಧ್ವನಿ ತುಂಬುವುದು ತಯಾರಕನಿಗೆ ಅಗ್ಗದ ಕೆಲಸ. ಮೇಷ್ಟರ ಮಾತಿನಲ್ಲಿ, ನೂರು ಜನ ನುಡಿಸುವವರಲ್ಲಿ ತೊಂಬತ್ತು ಮಂದಿ ಹತ್ತು ಟೋನ್ ದಾಟುವುದಿಲ್ಲ. ತಯಾರಕನಿಗೆ ನಿಜವಾಗಿ ಖರ್ಚು ಬೀಳುವುದು ಮನೆಗಳ ಅಡಿಯಲ್ಲಿರುವ ಯಂತ್ರಭಾಗಕ್ಕೆ, ಮತ್ತು ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ಕೆಲವು ಗುಣಗಳಿಗೆ.

ಮೊದಲನೆಯದು ಮನೆಗಳ ಸಂಖ್ಯೆ ಮತ್ತು ಗಾತ್ರ. ಸಾಮಾನ್ಯ ಹಾರ್ಮೋನಿಯಂಗೆ ಮೂರು, ಮೂರೂವರೆ ಸ್ಥಾಯಿ. 61 ಮನೆಯ ಕೀಬೋರ್ಡಿಗೆ ಐದು ಸ್ಥಾಯಿ. 32 ಅಥವಾ 44 ಚಿಕ್ಕ ಮನೆಗಳ ಕೀಬೋರ್ಡುಗಳು ಆರೇಳು ವರ್ಷದ ಮಕ್ಕಳ ಕುತೂಹಲಕ್ಕೆ ಸಾಕು, ದೊಡ್ಡವರ ಬೆರಳಿಗೆ ಸಲ್ಲವು. ಪೂರ್ಣ ಗಾತ್ರದ 61 ಮನೆಗಿಂತ ಕೆಳಗೆ ಇಳಿಯಬಾರದೆಂಬುದೇ ನನ್ನ ಸಲಹೆ.

ಎರಡನೆಯದು ಟಚ್ ರೆಸ್ಪಾನ್ಸ್. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಗಟ್ಟಿ ದನಿ ಬರುವುದು. ಪಿಯಾನೋ ಕಲಿಯುವವರಿಗೆ ಇದು ಅತ್ಯಗತ್ಯ, ಏಕೆಂದರೆ ಬೆರಳಿನ ಬಲವನ್ನು ಹಿಡಿತಕ್ಕೆ ತರುವುದೇ ಆ ಕಲಿಕೆಯ ಅರ್ಧ. ಹಾರ್ಮೋನಿಯಂ ಟೋನಿನಲ್ಲಿ ಮಾತ್ರ ಇದರಿಂದ ಹೆಚ್ಚಿನ ಉಪಯೋಗವಿಲ್ಲ. ಹಾರ್ಮೋನಿಯಂನಲ್ಲಿ ದನಿ ಏರಿಳಿಯುವುದು ತಿದಿಯಿಂದ, ಬೆರಳಿನಿಂದಲ್ಲ. ಮೂರನೆಯದು ಪಿಚ್ ಬೆಂಡ್ ಚಕ್ರ. ಎಡಗೈಯಿಂದ ಅದನ್ನು ತಿರುಗಿಸಿದರೆ ಒತ್ತಿದ ಸ್ವರ ಮೇಲಕ್ಕೋ ಕೆಳಕ್ಕೋ ಜಾರುತ್ತದೆ, ಸಾಮಾನ್ಯವಾಗಿ ಎರಡು ಅರೆಸ್ವರಗಳಷ್ಟು. ಮೇಲೆ ಹೇಳಿದ ಅರೆಬರೆ ಪರಿಹಾರವೆಂದರೆ ಇದೇ. ಕೊಳಲು, ವೀಣೆ, ಶಹನಾಯಿ ಟೋನುಗಳಲ್ಲಿ ಸಿನಿಮಾ ಹಾಡು ನುಡಿಸುವವನಿಗೆ ಈ ಚಕ್ರವಿಲ್ಲದೆ ನಡೆಯದು. ಕರ್ನಾಟಕ ಸಂಗೀತವನ್ನೇ ಕೀಬೋರ್ಡಿನಲ್ಲಿ ನುಡಿಸಿ ಹೆಸರಾದ ಕೆ. ಸತ್ಯನಾರಾಯಣನ್ ಅವರ ಎಡಗೈಯನ್ನು ಗಮನಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಎರಡು ಗುಣಗಳು ಮಾದರಿಯಿಂದ ಮಾದರಿಗೆ ಹೇಗೆ ಬದಲಾಗುತ್ತವೆ ಎಂಬುದಕ್ಕೆ ಉದಾಹರಣೆ ಕೊಡುತ್ತೇನೆ. ಕ್ಯಾಸಿಯೋ 2019ರಲ್ಲಿ ಹೊರತಂದ ಸಿ.ಟಿ.-ಎಸ್200 ಮತ್ತು ಸಿ.ಟಿ.-ಎಸ್300 ಮಾದರಿಗಳೆರಡಕ್ಕೂ 61 ಮನೆ, 400 ಟೋನ್, 3.3 ಕೆ.ಜಿ. ತೂಕ. ನೋಡಲು ಅವಳಿಗಳು. ಟಚ್ ರೆಸ್ಪಾನ್ಸ್ ಮತ್ತು ಪಿಚ್ ಬೆಂಡ್ ಇರುವುದು ಎರಡನೆಯದಕ್ಕೆ ಮಾತ್ರ. ಯಮಹಾದ ಪಿ.ಎಸ್.ಆರ್. ಸಾಲಿನಲ್ಲಿ ಇ273ಕ್ಕೆ ಎರಡೂ ಇಲ್ಲ, ಇ373ಕ್ಕೆ ಟಚ್ ಉಂಟು, ಚಕ್ರವಿಲ್ಲ. ಇ473ಕ್ಕೆ ಎರಡೂ ಉಂಟು. ಮಾದರಿಗಳು ವರ್ಷ ಎರಡು ವರ್ಷಕ್ಕೆ ಬದಲಾಗುತ್ತವೆ. ಆದ್ದರಿಂದ ಹೆಸರನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳುವುದು ಮೇಲು.

ಪಾಲಿಫೊನಿ ಎಂಬ ಶಬ್ದವೂ ಪೆಟ್ಟಿಗೆಯ ಮೇಲೆ ಕಾಣುತ್ತದೆ: ಏಕಕಾಲಕ್ಕೆ ಹೊರಡಬಲ್ಲ ಧ್ವನಿಗಳ ಸಂಖ್ಯೆ. 32 ಇದ್ದರೆ ಕಲಿಕೆಗೆ ಸಾಕು. ತಾಳ, ಹಿನ್ನೆಲೆ, ಪೆಡಲ್ ಎಲ್ಲವನ್ನೂ ಒಟ್ಟಿಗೆ ಬಳಸುವವನಿಗೆ 48 ಅಥವಾ 64 ಬೇಕಾಗುತ್ತದೆ, ಇಲ್ಲವಾದರೆ ಹಳೆಯ ಸ್ವರಗಳು ನಡುವೆಯೇ ಕಡಿದುಹೋಗುತ್ತವೆ. ಭಾರತಕ್ಕೆಂದೇ ತಯಾರಾದ ಮಾದರಿಗಳೂ ಉಂಟು. ಕ್ಯಾಸಿಯೋದಲ್ಲಿ ಮಾದರಿಯ ಹೆಸರಿನ ಕೊನೆಗೆ ‘ಐಎನ್’ ಎಂದಿರುತ್ತದೆ, ಯಮಹಾದಲ್ಲಿ ಪಿ.ಎಸ್.ಆರ್.-ಐ500ರಂತೆ ‘ಐ’ ಅಕ್ಷರ. ಇವುಗಳಲ್ಲಿ ತಬಲಾ, ತಂಬೂರಿ, ಹಾರ್ಮೋನಿಯಂ ಧ್ವನಿಗಳು ಮತ್ತು ನಮ್ಮ ತಾಳಗಳು ಹೆಚ್ಚಾಗಿರುತ್ತವೆ. ಟೋನ್ ಸಂಖ್ಯೆಯ ಬದಲು ಇವುಗಳನ್ನು ವಿಚಾರಿಸುವುದು ಸರಿಯಾದ ವಿಚಾರಣೆ.

ಟ್ರಾನ್ಸ್‌ಪೋಸ್ ಎಂಬ ಗುಂಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುವೆ, ಏಕೆಂದರೆ ಅದರಲ್ಲಿ ನನಗೆ ನಮ್ಮ ವೃತ್ತಿಯ ಲೆಕ್ಕವೇ ಕಂಡಿತು. ಒಂದು ಸ್ಥಾಯಿಯೆಂದರೆ ಕಂಪನಸಂಖ್ಯೆ ಇಮ್ಮಡಿಯಾಗುವುದು. ಉದಾಹರಣೆಗೆ 440ರಿಂದ 880. ಈ ದೂರವನ್ನು ಬಿಳಿ, ಕಪ್ಪು ಸೇರಿ 12 ಸಮಾನ ಮೆಟ್ಟಿಲುಗಳಾಗಿ ಹಂಚಿದೆ. ಸಮಾನವೆಂದರೆ ಪ್ರತಿ ಮೆಟ್ಟಿಲಿಗೂ ಇಷ್ಟೇ ಕಂಪನ ಕೂಡುವುದಲ್ಲ, ಇಷ್ಟೇ ಪ್ರಮಾಣದಲ್ಲಿ ಏರುವುದು: ಪ್ರತಿ ಮೆಟ್ಟಿಲಿಗೆ ಸುಮಾರು ಶೇ. 5.946. ಇದು ಚಕ್ರಬಡ್ಡಿಯಲ್ಲದೆ ಮತ್ತೇನು? ಶೇ. 6ರ ಬಡ್ಡಿಯಲ್ಲಿ ಅಸಲು ಎಷ್ಟು ಅವಧಿಗೆ ಇಮ್ಮಡಿಯಾಗುವುದೆಂದು 72ನ್ನು 6ರಿಂದ ಭಾಗಿಸಿ ಹೇಳುವ ನಮ್ಮ ಹಳೆಯ ಸೂತ್ರ ಇಲ್ಲಿಯೂ 12 ಎಂದೇ ಉತ್ತರ ಕೊಡುತ್ತದೆ. ಬಡ್ಡಿದರ ಒಂದೇ ಆಗಿರುವುದರಿಂದ ಯಾವ ಅಸಲಿನಿಂದ ಆರಂಭಿಸಿದರೂ ಏರಿಕೆಯ ರೀತಿ ಒಂದೇ. ಆದ್ದರಿಂದಲೇ ಹಾಡುವವರ ಶ್ರುತಿ ಕಪ್ಪು ಒಂದಿರಲಿ, ಬಿಳಿ ಐದಿರಲಿ, ಗುಂಡಿಯೊತ್ತಿ ಅಷ್ಟು ಮೆಟ್ಟಿಲು ಸರಿಸಿದರೆ ನುಡಿಸುವವನು ತನಗೆ ರೂಢಿಯಾದ ಮನೆಗಳಲ್ಲೇ ಬೆರಳಾಡಿಸಬಹುದು. ಗಂಡಸರೂ ಹೆಂಗಸರೂ ಸರದಿಯಲ್ಲಿ ಹಾಡುವ ಭಜನಾ ಮಂಡಳಿಗೆ ಇದಕ್ಕಿಂತ ದೊಡ್ಡ ಸೌಲಭ್ಯವಿಲ್ಲ. ಅಗ್ಗದ ಮಾದರಿಗಳಲ್ಲೂ ಇದು ಇರುತ್ತದೆಂಬುದು ಸಂತೋಷದ ಸಂಗತಿ.

ಮೂವರು ಕೊಳ್ಳುಗರು

ಎರಡನೆಯ ಕಕ್ಷಿದಾರರು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಬ್ಬ ಸಣ್ಣ ತಯಾರಕರು. ಹತ್ತು ವರ್ಷದ ಮಗಳು ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿಯತೊಡಗಿದ್ದಳು. ಅವರು ಅಂಗಡಿಯಲ್ಲಿದ್ದ ಅತಿ ಹೆಚ್ಚಿನ ಟೋನಿನ ಮಾದರಿಯನ್ನು ರೂ. 45,000ಕ್ಕೆ ಕೊಂಡು, ಬಿಲ್ಲನ್ನು ಫರ್ಮಿನ ಹೆಸರಿನಲ್ಲಿ ಬರೆಸಿದ್ದರು. ಮೊದಲ ಎರಡು ವರ್ಷ ಪಿಯಾನೋ ಟೋನ್ ಬಿಟ್ಟು ಬೇರೆಯದನ್ನು ಮುಟ್ಟಬೇಡವೆಂದು ಶಿಕ್ಷಕಿ ಆ ಮಗುವಿಗೆ ಹೇಳಿದರಂತೆ. ಆಕೆಗೆ ಬೇಕಿದ್ದದ್ದು 61 ಪೂರ್ಣ ಗಾತ್ರದ ಮನೆ, ಟಚ್ ರೆಸ್ಪಾನ್ಸ್, ಪೆಡಲ್ ಜೋಡಿಸುವ ರಂಧ್ರ, ಹೆಡ್‌ಫೋನ್. ಕೊಟ್ಟ ಬೆಲೆಯ ಅರ್ಧದೊಳಗೆ ಇವೆಲ್ಲ ಮುಗಿಯುತ್ತಿತ್ತು. ನಾಲ್ಕಾರು ವರ್ಷದ ನಂತರವೂ ಕಲಿಕೆ ಮುಂದುವರಿದರೆ ಆಗ ಬೇಕಾಗುವುದು 88 ಭಾರದ ಮನೆಗಳ ಡಿಜಿಟಲ್ ಪಿಯಾನೋ, ಇನ್ನಷ್ಟು ಟೋನಿನ ಕೀಬೋರ್ಡಲ್ಲ. ಉಳಿದ ಅರ್ಧ ಹಣ ಅದಕ್ಕೆ ಕಾದಿರುತ್ತಿತ್ತು.

ಮೂರನೆಯವನು ಭದ್ರಾವತಿಯ ಯುವಕ, ಮದುವೆ ಆರತಕ್ಷತೆ ಮತ್ತು ಗಣೇಶೋತ್ಸವಗಳ ವಾದ್ಯಗೋಷ್ಠಿಗಳಲ್ಲಿ ನುಡಿಸುವವನು. ಇವನಿಗೆ ಪಿಚ್ ಬೆಂಡ್, ಹೆಚ್ಚಿನ ಪಾಲಿಫೊನಿ, ಹಾಡಿಗೊಂದರಂತೆ ಟೋನುಗಳನ್ನು ಮೊದಲೇ ಜೋಡಿಸಿ ಒಂದೇ ಗುಂಡಿಗೆ ಕರೆಯುವ ಸೌಲಭ್ಯ, ಹೊರಗಿನಿಂದ ಧ್ವನಿಗಳನ್ನು ತುಂಬಿಕೊಳ್ಳುವ ಅನುಕೂಲ, ಎಲ್ಲವೂ ಬೇಕು. ಆರ್ಕೆಸ್ಟ್ರಾದವರ ಕೈಯಲ್ಲಿ ಹಲವು ವರ್ಷ ಹೆಚ್ಚಾಗಿ ಕಂಡ ರೋಲ್ಯಾಂಡ್ ಎಕ್ಸ್.ಪಿ.ಎಸ್.-10ರಂತಹ ಸಿಂಥಸೈಜರಿನಲ್ಲಿ ಸ್ಪೀಕರೇ ಇರುವುದಿಲ್ಲ. ವೇದಿಕೆಯ ಧ್ವನಿವರ್ಧಕವೇ ಅದರ ಬಾಯಿ. ಭಜನಾ ಮಂಡಳಿಗೆ ಅಂಥದನ್ನು ಕೊಡಿಸಿದರೆ ಮೂಕ ವಾದ್ಯವನ್ನು ಕೊಡಿಸಿದಂತೆ. ಯುವಕನಿಗೆ ಸ್ಪೀಕರ್ ಇರುವ ಮಾದರಿ ಕೊಡಿಸಿದರೆ ಬಳಸದ ವಸ್ತುವಿಗೆ ಹಣ ತೆತ್ತಂತೆ.

ಆದರೆ ಅವನ ನಿಜವಾದ ಪ್ರಶ್ನೆ ಕೊಳ್ಳುವುದೋ ಬಾಡಿಗೆಗೆ ತರುವುದೋ ಎಂಬುದಾಗಿತ್ತು. ಅವನೇ ಕೊಟ್ಟ ಅಂಕಿಗಳಿವು: ವಾದ್ಯದ ಬೆಲೆ ರೂ. 42,000, ಬಾಡಿಗೆ ಕಾರ್ಯಕ್ರಮವೊಂದಕ್ಕೆ ರೂ. 800. ಭಾಗಿಸಿದರೆ 53 ಕಾರ್ಯಕ್ರಮ. ಆಷಾಢ, ಪಿತೃಪಕ್ಷ ಕಳೆದು ವರ್ಷಕ್ಕೆ ಇಪ್ಪತ್ತೈದು ಕಾರ್ಯಕ್ರಮ ಸಿಕ್ಕರೆ ಎರಡು ವರ್ಷ ಮೀರುತ್ತದೆ. ಸಾಲದ ಬಡ್ಡಿ ಸೇರಿಸಿದರೆ ಇನ್ನೂ ಮುಂದೆ. ಕೊಳ್ಳು ಎಂದೇ ನಾನು ಹೇಳಿದೆ. ಬಾಡಿಗೆಯ ವಾದ್ಯದ ಮೇಲೆ ಮನೆಯಲ್ಲಿ ಅಭ್ಯಾಸ ಸಾಧ್ಯವಿಲ್ಲ. ಅಭ್ಯಾಸವಿಲ್ಲದವನಿಗೆ ಇಪ್ಪತ್ತೈದು ಕಾರ್ಯಕ್ರಮಗಳೂ ಸಿಗುವುದಿಲ್ಲ. ಈ ಅಂಶ ಭಾಗಾಕಾರದಲ್ಲಿ ಕಾಣುವುದಿಲ್ಲ.

ತೆರಿಗೆಯ ಮಾತು

ಜಿ.ಎಸ್.ಟಿ. 2017ರ ಜುಲೈನಲ್ಲಿ ಜಾರಿಗೆ ಬಂದಾಗ ಈ ವಾದ್ಯಗಳ ಮೇಲಿನ ತೆರಿಗೆ ಶೇ. 28 ಇದ್ದು, ಅದೇ ವರ್ಷದ ನವೆಂಬರಿನಲ್ಲಿ ಶೇ. 18ಕ್ಕೆ ಇಳಿಯಿತು. ಮಾಚೇನಹಳ್ಳಿಯ ಮಿತ್ರರ ರೂ. 45,000ದಲ್ಲಿ ಶೇ. 18ರ ಲೆಕ್ಕಕ್ಕೆ ರೂ. 6,864 ತೆರಿಗೆ. ಇದನ್ನು ಹೂಡುವಳಿ ತೆರಿಗೆ ಜಮೆಯಾಗಿ ಅವರ ಗುಮಾಸ್ತರು ತೆಗೆದುಕೊಂಡಿದ್ದರು. ಸ್ವಂತ ಬಳಕೆಯ ಸರಕಿಗೆ ಸಿ.ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಪ್ರಕರಣದಡಿ ಈ ಜಮೆ ನಿರ್ಬಂಧಿತ. ವಾಪಸು ಮಾಡಿಸಿದೆ, ಅಷ್ಟರಲ್ಲಿ ಜಮೆಯನ್ನು ಬಳಸಿಯೂ ಆಗಿದ್ದರಿಂದ ಬಡ್ಡಿಯೂ ಬಿತ್ತು. ಆದಾಯ ತೆರಿಗೆಯಲ್ಲೂ ಮನೆಯ ಖರ್ಚು ವ್ಯಾಪಾರದ ವೆಚ್ಚವಾಗದು. “ಕಾರ್ಮಿಕರ ಮನರಂಜನೆ ಅಂತ ತೋರಿಸಿದ್ರೆ ಆಗಲ್ವಾ ಆಡಿಟರೇ?” ಎಂದು ಕೇಳಿದರು. ವಾದ್ಯ ಮಗಳ ಕೋಣೆಯಲ್ಲಿರುವಾಗ ಹಾಗೆ ತೋರಿಸಲು ಬರುವುದಿಲ್ಲವೆಂದು ಹೇಳಿದೆ.

ಯುವಕನ ಸಂಗತಿ ಬೇರೆ. ಅವನಿಗೆ ಅದು ದುಡಿಮೆಯ ಸಾಧನ. ಲೆಕ್ಕ ಬರೆಯುವವನಾದರೆ ಯಂತ್ರೋಪಕರಣಗಳ ಸಾಮಾನ್ಯ ದರವಾದ ಶೇ. 15ರಂತೆ ಸವಕಳಿ ಪಡೆಯಬಹುದು. ನವೆಂಬರಿನಲ್ಲಿ ಕೊಂಡು ಬಳಸಿದರೆ ಆ ವರ್ಷ 180 ದಿನ ತುಂಬದ ಕಾರಣ ಅರ್ಧ ಮಾತ್ರ: ರೂ. 3,150. ಜಿ.ಎಸ್.ಟಿ. ನೋಂದಣಿ ಇಲ್ಲದವನಾದ್ದರಿಂದ ತೆರಿಗೆಯೂ ಬೆಲೆಯ ಭಾಗವೇ. ಭಜನಾ ಮಂಡಳಿಗೆ ಜಮೆಯೂ ಇಲ್ಲ, ಸವಕಳಿಯ ಪ್ರಯೋಜನವೂ ಇಲ್ಲ. ಅದಕ್ಕೆ ಬಿಲ್ಲು ಬೇಕಾಗುವುದು ವಾರಂಟಿಗಾಗಿ, ಮತ್ತು ಖಜಾಂಚಿಯ ಮರ್ಯಾದೆಗಾಗಿ.

ವಿದ್ಯುತ್ತು, ತೇವ ಮತ್ತು ಅಂಗಡಿಯ ಪರೀಕ್ಷೆ

ಅಡಾಪ್ಟರಿನ ವಿಷಯವನ್ನು ಮಲೆನಾಡಿನ ಓದುಗರು ವಿಶೇಷವಾಗಿ ಗಮನಿಸಬೇಕು. ಯಮಹಾದ ಅನೇಕ ಮಾದರಿಗಳದು 12 ವೋಲ್ಟ್. ಕ್ಯಾಸಿಯೋದ ಚಿಕ್ಕ ಮಾದರಿಗಳಲ್ಲಿ 9 ಅಥವಾ 9.5 ವೋಲ್ಟ್ ಸಾಮಾನ್ಯ. ಪಿನ್ನಿನ ನಡುಭಾಗ ಕೆಲವದರಲ್ಲಿ ಧನ, ಹಳೆಯ ಕ್ಯಾಸಿಯೋ ಮಾದರಿಗಳಲ್ಲಿ ಋಣ. ಪಿನ್ನು ಒಳಹೋಯಿತೆಂದ ಮಾತ್ರಕ್ಕೆ ಅದು ಸರಿಯಾದ ಅಡಾಪ್ಟರಲ್ಲ. ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಅಚ್ಚಾಗಿದೆಯೇ, ವಾದ್ಯದ ಹಿಂಬದಿಯಲ್ಲಿರುವ ವೋಲ್ಟ್ ಮತ್ತು ಧ್ರುವದ ಗುರುತು ಅದರೊಡನೆ ತಾಳೆಯಾಗುತ್ತದೆಯೇ ಎಂದು ವೋಚರ್ ಪರಿಶೀಲಿಸುವಂತೆ ಪರಿಶೀಲಿಸಬೇಕು. ಕೆಲವು ಮಾದರಿಗಳಲ್ಲಿ ಅಡಾಪ್ಟರಿಗೆ ಪ್ರತ್ಯೇಕ ಬೆಲೆ ಉಂಟು. ಕಂಪನಿಯದನ್ನೇ ಕೊಳ್ಳಿ, ಇಲ್ಲಿ ಉಳಿಸುವ ಮುನ್ನೂರು ರೂಪಾಯಿ ಏನು ಮಾಡಬಲ್ಲದೆಂದು ಮೇಲೆಯೇ ಹೇಳಿದ್ದೇನೆ.

ಗಾಳಿಮಳೆಗೆ ಕಂಬ ಉರುಳಿ ವಿದ್ಯುತ್ ಹೋಗುವುದು ನಮ್ಮಲ್ಲಿ ಸಾಮಾನ್ಯ. ಆರು ಸೆಲ್ಲುಗಳಿಂದ ನಡೆಯುವ ಮಾದರಿಗಳು ಹಲವಿವೆ, ನಡೆಯದವೂ ಇವೆ, ಕೇಳಿಯೇ ಕೊಳ್ಳಬೇಕು. ಮಳೆಗಾಲದಲ್ಲಿ ಬಳಸದೆ ಇಡುವಾಗ ಸೆಲ್ಲು ತೆಗೆದಿಡಬೇಕು, ಸೋರಿದ ಸೆಲ್ಲು ಲೋಹದ ಪಟ್ಟಿಯನ್ನು ತಿನ್ನುತ್ತದೆ. ಮನೆಗಳ ಅಡಿಯಲ್ಲಿ ರಬ್ಬರಿನ ಸಂಪರ್ಕಪಟ್ಟಿ ಇರುತ್ತದೆ. ಧೂಳೂ ತೇವವೂ ಸೇರಿದರೆ ಕೆಲವು ಮನೆಗಳು ಮೂಕವಾಗುತ್ತವೆ, ಇನ್ನು ಕೆಲವು ಹೇಗೆ ಒತ್ತಿದರೂ ಕಿರುಚುತ್ತವೆ. ಬಟ್ಟೆಯ ಹೊದಿಕೆ, ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ, ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ನುಡಿಸುವುದು ಇದಕ್ಕೆ ಮದ್ದು. ದೇವರ ಮುಂದಿನ ದೀಪದ ಎಣ್ಣೆ, ಕರ್ಪೂರದ ಮಸಿ ಬೀಳುವಲ್ಲಿ ಇಡದಿರುವುದು ಲೇಸು.

ಅಂಗಡಿಯಲ್ಲಿ ಮಾರುವವರೇ ತಾಳ ಹಾಕಿ ತೋರಿಸಿದಾಗ ಎಲ್ಲ ವಾದ್ಯವೂ ಚೆನ್ನಾಗಿಯೇ ಕೇಳುತ್ತದೆ. ಮೊದಲು ದನಿಯನ್ನು ಪೂರ್ತಿ ಇಳಿಸಿ ಬರಿಯ ಮನೆಗಳನ್ನು ಬಡಿದು ನೋಡಿ. ಪ್ಲಾಸ್ಟಿಕ್ಕಿನ ಕಟಕಟ ಹೆಚ್ಚಿದ್ದರೆ ಬಿಡಿ. ಎಡತುದಿಯಿಂದ ಬಲತುದಿಯವರೆಗೆ ಒಂದೊಂದೇ ಮನೆಯನ್ನು ಒತ್ತಿ. ಆಮೇಲೆ ನಿಮಗೆ ಬೇಕಾದ ಒಂದೇ ಟೋನನ್ನು ಹಾಕಿ, ನುಡಿಸುವವರಿಗೆ ಹತ್ತು ನಿಮಿಷ ಬಿಟ್ಟುಕೊಡಿ. ಕೊಳ್ಳುವವನು ಒಬ್ಬ, ನುಡಿಸುವವನು ಮತ್ತೊಬ್ಬನಾದರೆ ಇಬ್ಬರೂ ಹೋಗತಕ್ಕದ್ದು. ಒಳಗಿನ ಸ್ಪೀಕರುಗಳು ಸಾಮಾನ್ಯವಾಗಿ 2.5 ವಾಟಿನ ಜೋಡಿ. ಇಪ್ಪತ್ತು ಮೂವತ್ತು ಜನರ ಕೋಣೆಗೆ ಸಾಕು, ಕುವೆಂಪು ರಂಗಮಂದಿರಕ್ಕಲ್ಲ.

ಖಜಾಂಚಿಯವರಿಗೆ ನಾನು ಬರೆದುಕೊಟ್ಟ ಚೀಟಿಯಲ್ಲಿ ಆರು ಅಂಶಗಳಿದ್ದವು: 61 ಪೂರ್ಣ ಮನೆ, ಒಳ್ಳೆಯ ಹಾರ್ಮೋನಿಯಂ ಟೋನ್, ಟ್ರಾನ್ಸ್‌ಪೋಸ್, ಸೆಲ್ಲಿನಿಂದ ನಡೆಯುವುದು, ಕಂಪನಿಯ ಅಡಾಪ್ಟರ್, ಜಿಲ್ಲೆಯಲ್ಲೇ ವಾರಂಟಿ ಸೇವೆಗೆ ಒಪ್ಪುವ ಅಂಗಡಿ. ಟಚ್ ಮತ್ತು ಚಕ್ರವನ್ನು ಬೇಕೆಂದೇ ಬಿಟ್ಟಿದ್ದೆ. ಹಾರ್ಮೋನಿಯಂಗೆ ಒಗ್ಗಿದ ಮಂಡಳಿಗೆ ಅವೆರಡರ ಕೊರತೆ ಕಾಣುವುದಿಲ್ಲ. ಕಾರ್ಖಾನೆಗೆ ಯಂತ್ರ ತರುವಂತೆ ಮೂರು ಅಂಗಡಿಗಳಿಂದ ಕೊಟೇಶನ್ ತರಿಸಿದರು. ಅಂಗಡಿಗೆ ಮೂವರು ಹೋದರು, ಅವರಲ್ಲಿ ನುಡಿಸುವ ಹಿರಿಯರೂ ಒಬ್ಬರು. ಮಂಡಳಿಯ ಹೆಸರಿನಲ್ಲಿ, ವಾದ್ಯದ ಕ್ರಮಸಂಖ್ಯೆ ನಮೂದಾದ ಬಿಲ್ಲು: ರೂ. 10,990.

ಹಳೆಯ ರೂ. 7,200 ಕುರಿತು ವಾದವಾಯಿತು. ಪೂರ್ತಿ ತಾವೇ ಕಟ್ಟುವುದಾಗಿ ಖಜಾಂಚಿ ಹಟ ಹಿಡಿದರು, ಸದಸ್ಯರು ಒಪ್ಪಲಿಲ್ಲ. ಕೊನೆಗೆ ಅರ್ಧ ಅವರು ತುಂಬಿದರು, ಉಳಿದ ರೂ. 3,600ನ್ನು ‘ವಾದ್ಯ ಹಾನಿ’ ಎಂಬ ಶೀರ್ಷಿಕೆಯಲ್ಲಿ ಖರ್ಚು ಬರೆದೆವು. ವಾರ್ಷಿಕ ಸಭೆಯಲ್ಲಿ ಆ ಸಾಲನ್ನು ಅವರೇ ಎದ್ದು ನಿಂತು ಓದಿದರು. ಬಿಲ್ಲು ಕೈಯಿಂದ ಕೈಗೆ ಹೋಗಿ ಬಂದು ಫೈಲು ಸೇರಿತು. ಲೆಕ್ಕಕ್ಕೆ ಸಹಿ ಹಾಕಲು ಹೋಗಿದ್ದ ನಾನು ಭಜನೆಗೂ ಕುಳಿತೆ. ಮೂರನೆಯ ಹಾಡಿನ ನಡುವೆ ಗಾಳಿ ಎದ್ದು ದೀಪಗಳು ಆರಿದವು. ಸೆಲ್ಲು ಹಾಕಿಟ್ಟಿದ್ದರು, ಹಾಡು ನಿಲ್ಲಲಿಲ್ಲ.